ಗೆರೆ ಮಾಯವಾಗುವವರೆಗೆ

ಪ್ಲಗ್ ಹಾಕುವ ಮುನ್ನ ಸ್ವಿಚ್ ಆಫ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ವಾಕ್ಯ ಅವನದೇ. ಹನ್ನೆರಡನೆಯ ಪುಟ, ಮೊದಲ ಸಾಲು. ಎರಡು ಸಲ ಖಚಿತಪಡಿಸಿಕೊಂಡು ಪ್ಲಗ್ ಹಾಕಿದ. ಏನೂ ಆಗಲಿಲ್ಲ. ಏನೂ ಆಗಬಾರದೆಂದೇ ಆ ವಾಕ್ಯ ಇರುವುದು. ಆದರೂ ಸ್ವಲ್ಪ ನಿರಾಸೆಯಾಯಿತು.

ಹನ್ನೊಂದು ವರ್ಷದಿಂದ ಅವನು ಯಂತ್ರಗಳ ಕೈಪಿಡಿ ಬರೆಯುತ್ತಿದ್ದ. ಡ್ರಿಲ್ಲು, ಗರಗಸ, ಗ್ರೈಂಡರು, ಈಗ ಕೈಯಲ್ಲಿರುವ, ಮರ ಉಜ್ಜಿ ನುಣುಪು ಮಾಡುವ ಈ ಸ್ಯಾಂಡರು. ಒಂದನ್ನೂ ಓಡಿಸಿ ನೋಡಿದವನಲ್ಲ. ಈಜು ಬಾರದವನು ದಡದ ಮೇಲೆ ಕೂತು ಈಜು ಕಲಿಸಿದ ಹಾಗೆ ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ. ಬೇರೆಯವರು ಮಾಡುವ ಮೊದಲು ತಾನೇ ಮಾಡಿಕೊಂಡರೆ ಅಷ್ಟು ಚುಚ್ಚುವುದಿಲ್ಲ. ಹತ್ತು ವರ್ಷ ತುಂಬಿದಾಗ ಕಂಪನಿಯವರು ಗೋಡೆ ಗಡಿಯಾರದ ಬದಲು ಈ ಸ್ಯಾಂಡರನ್ನು ಕೊಟ್ಟಿದ್ದರು. ಡಬ್ಬಿಯೊಳಗೆ ಅವನೇ ಬರೆದ ಕೈಪಿಡಿಯೂ ಇತ್ತು. ಡಬ್ಬಿ ಒಂದು ವರ್ಷ ಬೀರುವಿನ ಮೇಲೆ ಕೂತಿತ್ತು.

ಇವತ್ತು ಅದನ್ನು ಇಳಿಸಿದ್ದು ಹೆಂಡತಿ ಆಡಿದ ಒಂದು ಮಾತಿನಿಂದ. ಬೆಳಿಗ್ಗೆ ಅವನ ಅಪ್ಪನಿಗೆ ಸ್ನಾನ ಮಾಡಿಸಿ, ಹಿತ್ತಲ ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಔಷಧಿ ತರಲು ಚೀಲ ಹಿಡಿದು ಹೊರಟವಳು ಬಾಗಿಲಲ್ಲಿ ನಿಂತಿದ್ದಳು.

"ಆ ಹಲಗೆ ವಿಷಯ ಒಂದಿದೆ."

"ಯಾವ ಹಲಗೆ?"

"ಜಗಲಿ ಮೇಲಿರೋದು. ಇರ್ಲಿ, ಬಂದ್ಮೇಲೆ ಹೇಳ್ತೀನಿ. ನೀವೂ ಒಂದ್ಸಲ ನೋಡ್ಬೇಕು."

ಅವನು ಪೇಪರಿನಿಂದ ತಲೆ ಎತ್ತದೆ ಹೂಂ ಅಂದ. ಅವಳು ಹೋದ ಮೇಲೆ ಯೋಚಿಸಿದ. ಜಗಲಿಯಲ್ಲಿ ಅರ್ಧಂಬರ್ಧ ಬಿದ್ದಿರುವ ಹಲಗೆ ಅವಳಿಗೆ ಅಡ್ಡವಾಗುತ್ತಿರಬೇಕು. ಗುಡಿಸಲು ತೊಂದರೆ, ಕುರ್ಚಿ ಸರಿಸಲು ತೊಂದರೆ. ಅವಳು ಬರುವುದರೊಳಗೆ ಕೆಲಸ ಮುಗಿಸಿದರೆ ಆಶ್ಚರ್ಯಪಡುತ್ತಾಳೆ. ಆಮೇಲೆ ಇನ್ನೊಂದು ಯೋಚನೆ ಬಂತು, ಅದು ಬಂದದ್ದೇ ಎದ್ದು ಬೀರುವಿಗೆ ಕೈ ಹಾಕಿದ.

ಅಪ್ಪ ಬಡಗಿ. ಐವತ್ತು ವರ್ಷ ಮರದ ಜೊತೆ ಬಾಳಿದವರು. ಹನ್ನೊಂದು ತಿಂಗಳ ಹಿಂದೆ ಮಗನಿಗೆಂದು ಒಂದು ಬರೆಯುವ ಮೇಜು ಮಾಡಲು ಹಿಡಿದಿದ್ದರು. ನಾಲ್ಕು ಕಾಲು ಮುಗಿಸಿ, ಮೇಲ್ಹಲಗೆಗೆ ಉಜ್ಜುಗೊರಡು ಹಾಕಿ, ಅದನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿದ ಸಂಜೆಯೇ ಬಿದ್ದರು. ಬಲಗೈ ಬಲಗಾಲು ಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಬಂದರೂ ಬರಬಹುದು ಎಂದು ವೈದ್ಯರು ಹೇಳಿದ್ದರು. ಮಾತು ಕಲಿಸಲು ವಾರಕ್ಕೊಮ್ಮೆ ಬರುವ ಹುಡುಗಿ ನೋಟುಪುಸ್ತಕ ಕೊಟ್ಟಾಗ ಅಪ್ಪ ಅದನ್ನು ಎಡಗೈಯಿಂದ ತಳ್ಳಿಬಿಟ್ಟರು. ಬರೆಯುವ ಆಸಕ್ತಿ ಇಲ್ಲ ಎಂದು ಅವಳು ತನ್ನ ವರದಿಯಲ್ಲಿ ಸೇರಿಸಿದಳು. ಅಪ್ಪನಿಗೆ ಕಾಗದವೇ ಆಗಿಬರುವುದಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅಳತೆ, ಗಿರಾಕಿಯ ವಿಳಾಸ, ನೆಂಟರ ಸಾವಿನ ಸುದ್ದಿ, ಎಲ್ಲವನ್ನೂ ಅವರು ಬರೆದಿಡುತ್ತಿದ್ದದ್ದು ಹಲಗೆ ಚೂರುಗಳ ಮೇಲೆ.

ಕೆಲಸ ಮನಸ್ಸಿಗೆ ಬಂದರೆ ಅಪ್ಪ ಆಡುತ್ತಿದ್ದದ್ದು ಒಂದೇ ಮಾತು: ಸೈ. ಕಣ್ಣು ಮುಚ್ಚಿ, ಅಂಗೈಯನ್ನು ಮರದ ಈ ತುದಿಯಿಂದ ಆ ತುದಿಗೆ ಓಡಿಸಿ, ನಿಲ್ಲಿಸಿ, ಸೈ. ಜೊತೆಯ ಕೆಲಸಗಾರರು ಅಷ್ಟಕ್ಕಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅವನು ಎರಡು ಪದವಿ ಮಾಡಿದ, ಕೆಲಸ ಹಿಡಿದ, ಮದುವೆಯಾದ. ಎಲ್ಲದಕ್ಕೂ ಹೂಂ ಅಂದಿದ್ದರು. ತಾನು ಬರೆದ ಮೊದಲ ಕೈಪಿಡಿ ತಂದು ಕೊಟ್ಟಾಗ ಅಪ್ಪ ಹಾಳೆಯನ್ನು ಬೆರಳಲ್ಲಿ ಸವರಿ ನೋಡಿ, "ಕಾಗದ ನುಣ್ಣಗಿದೆ" ಅಂದಿದ್ದರು. ಆ ಮಾತನ್ನು ಅವನು ಸ್ನೇಹಿತರಿಗೆ ಹೇಳಿ ನಗಿಸಿದ್ದಾನೆ. ತಾನು ನಕ್ಕಿಲ್ಲ.

ಈಗ ಬಂದ ಯೋಚನೆ ಇದು: ಹಲಗೆಯನ್ನು ಹಸನು ಮಾಡಿ, ಅಪ್ಪನ ಎಡಗೈಯನ್ನು ಅದರ ಮೇಲೆ ಇಡಬೇಕು. ಮಾತು ಮರಳುವುದಿದ್ದರೆ ಆ ಒಂದಕ್ಷರವಾಗಿ ಮರಳಲಿ. ನಲವತ್ತಾರರ ಗಂಡಸಿಗೆ ಇಂಥ ಆಸೆ ಇರುವುದು ನಾಚಿಕೆಯ ಸಂಗತಿ ಎಂದು ಗೊತ್ತಿತ್ತು. ಇದ್ದದ್ದಂತೂ ನಿಜ.

ಜಗಲಿಗೆ ಅವನು ಬಂದು ಬಹಳ ದಿನವಾಗಿತ್ತು. ದಿನವೂ ಕತ್ತಲಾದ ಮೇಲೆ ಮನೆಗೆ ಬರುವುದು, ರಜೆಯಿದ್ದರೆ ಮುಂದಿನ ಕೋಣೆಯಲ್ಲಿ ಪೇಪರು. ಅಪ್ಪನ ಎದುರು ಕೂತರೆ ಏನು ಮಾತಾಡುವುದೆಂದು ತಿಳಿಯುತ್ತಿರಲಿಲ್ಲ. ಅವರಿಗೆ ಮಾತು ಬರುತ್ತಿದ್ದಾಗಲೂ ತಿಳಿಯುತ್ತಿರಲಿಲ್ಲ, ಈಗ ಅದಕ್ಕೊಂದು ನೆವ ಸಿಕ್ಕಿತ್ತು. ಅಪ್ಪ ಹಲಗೆಗೆ ಎಡಗೈ ತಾಗುವಷ್ಟು ಹತ್ತಿರ ಕೂತಿದ್ದರು. ಅವನನ್ನೂ ಡಬ್ಬಿಯನ್ನೂ ನೋಡಿದರು. ಅವನು ನಕ್ಕ. ಅವರ ಮುಖದ ಎಡ ಅರ್ಧವೂ ನಕ್ಕಂತೆ ಕಂಡಿತು.

ಹಲಗೆಯ ತುಂಬ ಪೆನ್ಸಿಲ್ ಗೆರೆಗಳಿದ್ದವು.

ನೋಡಿದ ಕೂಡಲೇ ಅವನಿಗೆ ತನ್ನ ಪುಸ್ತಕ ನೆನಪಾಯಿತು. ಹದಿನಾಲ್ಕನೆಯ ಪುಟ: ಉಜ್ಜುವ ಮೊದಲು ಮರದ ಮೇಲೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆಯಿರಿ, ಗೆರೆಗಳು ಪೂರ್ತಿ ಮಾಯವಾಗುವವರೆಗೆ ಉಜ್ಜಿರಿ, ಎಲ್ಲಿ ಗೆರೆ ಉಳಿದಿದೆಯೋ ಅಲ್ಲಿ ಕೆಲಸ ಉಳಿದಿದೆ. ಕಂಪನಿಯ ಮೂಲ ಪುಸ್ತಕದಲ್ಲಿ ಈ ಮಾತಿರಲಿಲ್ಲ. ಅಪ್ಪನನ್ನು ಕೇಳಿ ಸೇರಿಸಿದ್ದ. ಇಡೀ ಕೈಪಿಡಿಯಲ್ಲಿ ಮ್ಯಾನೇಜರು ಮೆಚ್ಚಿದ ಸಾಲು ಅದೊಂದೇ. ಬೀಳುವ ಮುನ್ನ ಅಪ್ಪ ಗೆರೆ ಎಳೆದಿಟ್ಟಿದ್ದಾರೆ, ಇನ್ನು ಉಜ್ಜುವುದೊಂದೇ ಬಾಕಿ, ಅದು ನನ್ನ ಪಾಲಿಗೆ ಬಂದಿದೆ ಎಂದುಕೊಂಡ. ಗೆರೆಗಳು ಸೊಟ್ಟಗಿದ್ದವು, ಒಂದರ ಮೇಲೊಂದು ಹತ್ತಿದ್ದವು. ಅಪ್ಪನ ಕುರ್ಚಿಯ ಕಡೆಯ ಮೂಲೆಯಲ್ಲಂತೂ ಮರಕ್ಕೆ ಗೀರು ಬೀಳುವಷ್ಟು ಒತ್ತಿದ್ದವು. ಕೈ ಆಗಲೇ ನಡುಗಲು ಶುರುವಾಗಿತ್ತೇನೋ ಪಾಪ, ಎಂದು ಮರುಗಿದ. ಬಡಗಿಯ ಚಪ್ಪಟೆ ಪೆನ್ಸಿಲು ದಾರದಲ್ಲಿ ಸ್ಟೂಲಿಗೆ ನೇತಾಡುತ್ತಿತ್ತು. ಕೆಲಸಕ್ಕೆ ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿ ಕಿಟಕಿಯಲ್ಲಿಟ್ಟ.

ಮುಂದಿನದೆಲ್ಲ ಪುಸ್ತಕದಲ್ಲಿದ್ದಂತೆ. ಹಲಗೆಯನ್ನು ಅಲುಗಾಡದಂತೆ ಸ್ಟೂಲುಗಳಿಗೆ ಬಿಗಿದ. ಮೊಳೆಯ ತಲೆ ಎಲ್ಲಾದರೂ ಇದೆಯೇ ಎಂದು ಬೆರಳಲ್ಲಿ ತಡವಿದ. ಯಂತ್ರದ ತಳಕ್ಕೆ ಒರಟು ಉಪ್ಪುಕಾಗದ ಅಂಟಿಸಿದ, ಕಾಗದದ ತೂತು ತಳದ ತೂತಿಗೆ ಕೂಡುವ ಹಾಗೆ. ಇಲ್ಲದಿದ್ದರೆ ಧೂಳು ಚೀಲಕ್ಕೆ ಹೋಗುವುದಿಲ್ಲ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿದ. ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕು. ಸದ್ದು ಕೇಳದಂತೆ ಕಿವಿಗೆ ಹಾಕಿಕೊಳ್ಳುವ ಮುಚ್ಚಳಕ್ಕೆ ಅವನು 'ಶ್ರವಣ ರಕ್ಷಾ ಕವಚ' ಎಂದು ಬರೆದಿದ್ದ, ಯಾವುದೋ ಸ್ತೋತ್ರದ ಹೆಸರಿದ್ದಂತಿದೆ ಎಂದು ಆಫೀಸಿನಲ್ಲಿ ನಕ್ಕಿದ್ದರು. ಹತ್ತಿರ ಇರುವವರೂ ಮಾಸ್ಕ್ ಧರಿಸತಕ್ಕದ್ದು ಎಂಬುದು ನೆನಪಾಗಿ, ಡಬ್ಬಿಯಲ್ಲಿದ್ದ ಇನ್ನೊಂದನ್ನು ಅಪ್ಪನ ಬಾಯಿಗೆ ಕಟ್ಟಿದ. ಅಪ್ಪ ತಲೆ ಆಡಿಸಿದರು. ಧೂಳಪ್ಪಾ, ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ.

ಕವಚ ಕಿವಿಗೆ ಕೂತೊಡನೆ ಲೋಕ ದೂರ ಸರಿಯಿತು. ಸ್ಯಾಂಡರನ್ನು ಹಲಗೆಯ ಮೇಲೆ ಸಮನಾಗಿ ಕೂರಿಸಿ ಸ್ವಿಚ್ ಒತ್ತಿದ. ಕೈಯಿಂದ ಮೊಳಕೈವರೆಗೆ ಜುಮ್ಮೆಂದಿತು. ಒತ್ತಬೇಡಿ, ಯಂತ್ರದ ತೂಕವೇ ಸಾಕು. ಒತ್ತಲಿಲ್ಲ. ಮರದ ಎಳೆಯ ದಿಕ್ಕಿನಲ್ಲಿ ನಿಧಾನವಾಗಿ ಮುಂದಕ್ಕೆ, ಹಾಗೇ ಹಿಂದಕ್ಕೆ, ಪ್ರತಿ ಹಾದಿಯ ಅರ್ಧ ಹಿಂದಿನದರ ಮೇಲೆ ಬರುವ ಹಾಗೆ. ಗೆರೆಗಳು ತೆಳ್ಳಗಾದವು, ಮಸುಕಾದವು, ಇಲ್ಲವಾದವು. ಅಡಿಯಿಂದ ಹೊಸ ಮರ ಬೆಳ್ಳಗೆ ಎದ್ದುಬಂತು. ತಾನು ಬರೆದದ್ದು ನಿಜವಾಗುವುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದ. ತನ್ನ ಉಸಿರು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಸುಖವಾಗಿತ್ತು.

ಒಮ್ಮೆ ತಿರುಗಿ ನೋಡಿದ. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಎಡಗೈಯನ್ನು ಗಾಳಿಯಲ್ಲಿ ಅತ್ತ ಇತ್ತ ಆಡಿಸುತ್ತಿದ್ದರು. ಒಂದೇ ಕಡೆ ನಿಲ್ಲಬೇಡ, ಸಾಗಿಸುತ್ತಿರು ಎಂದು ಕೆಲಸಗಾರರಿಗೆ ಅವರು ತೋರಿಸುತ್ತಿದ್ದದ್ದೇ ಹಾಗೆ. ಅವನು ತಲೆದೂಗಿದ, ಕೈ ಇನ್ನಷ್ಟು ಸರಾಗವಾಗಿ ಆಡಿಸಿದ. ಮತ್ತೆ ನೋಡಿದಾಗಲೂ ಆ ಕೈ ಆಡುತ್ತಲೇ ಇತ್ತು, ಮಾಸ್ಕು ಒಳಕ್ಕೂ ಹೊರಕ್ಕೂ ಹೋಗಿ ಬರುತ್ತಿತ್ತು. ಕನ್ನಡಕದ ಮೇಲೆ ಧೂಳು ಕೂತು ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪನಿಗೆ ಹುಮ್ಮಸ್ಸು ಬಂದಿದೆ ಎಂದುಕೊಂಡ. ತಾವಿಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದೇವೆ ಅನ್ನಿಸಿ ಅವನಿಗೆ ಕಣ್ಣು ತುಂಬಿ ಬಂತು.

ಕೊನೆಗೆ ಉಳಿದದ್ದು ಆ ಮೂಲೆ. ಅಲ್ಲಿನ ಗೀರುಗಳು ಹೋಗಲೊಲ್ಲವು. ಎರಡು ಸಲ ಹಾಯಿಸಿದ, ನಾಲ್ಕು ಸಲ ಹಾಯಿಸಿದ. ಎಲ್ಲಿ ಗೆರೆ ಉಳಿದಿದೆಯೋ ಅಲ್ಲಿ ಕೆಲಸ ಉಳಿದಿದೆ. ಯಾರೂ ನೋಡುತ್ತಿಲ್ಲವೆಂಬಂತೆ ಯಂತ್ರದ ಮೇಲೆ ಭಾರ ಹಾಕಿ ಒತ್ತಿದ. ಆಗ ಹೆಂಡತಿ ಔಷಧಿಯ ಚೀಲ ಹಿಡಿದು ಹಿಂಬಾಗಿಲಲ್ಲಿ ನಿಂತಿರುವುದು ಕಂಡಿತು. ಅವಳ ಬಾಯಿ ಆಡುತ್ತಿತ್ತು. ಒಂದು ನಿಮಿಷ ಎಂದು ಬೆರಳೆತ್ತಿ ತೋರಿಸಿದ. ಯಂತ್ರ ಓಡುತ್ತಿರುವಾಗ ಬೇರೆ ಕಡೆ ಗಮನ ಕೊಡಬಾರದು. ಕೊನೆಯ ಗೀರು ಹೋಗುವವರೆಗೆ ಉಜ್ಜಿ, ಸ್ವಿಚ್ ಆರಿಸಿ, ತಳ ತಿರುಗುವುದು ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಮಗ್ಗುಲಾಗಿ ಇಟ್ಟ. ಒಂದು ತಪ್ಪೂ ಆಗಿರಲಿಲ್ಲ. ಮಾಸ್ಕನ್ನೂ ಕಿವಿಯ ಕವಚವನ್ನೂ ಕುತ್ತಿಗೆಗೆ ಇಳಿಸಿದ.

ಹೆಂಡತಿ ಅವನನ್ನು ನೋಡಲಿಲ್ಲ. ಅಪ್ಪನ ಹತ್ತಿರ ಹೋಗಿ ಮಾಸ್ಕು ಬಿಚ್ಚಿದಳು. ಅದು ಒದ್ದೆಯಾಗಿತ್ತು.

"ಮಾವ ಮಾತಾಡಿದ್ರು," ಅಂದಳು.

ಅವನು ಕನ್ನಡಕ ತೆಗೆದ. "ಯಾವಾಗ?"

"ಈಗ. ನಾನು ಗೇಟಿನ ಹತ್ರ ಇದ್ದೆ, ಅಲ್ಲಿಗೇ ಕೇಳಿಸ್ತು."

"ಏನಂದ್ರು?"

ಅವಳು ಅಪ್ಪನ ಬಾಯಿ ಒರೆಸಿದಳು. ಮಾಸ್ಕನ್ನು ಮಡಚಿದಳು. ಮಡಚಿದ್ದನ್ನು ಮತ್ತೆ ಮಡಚಿದಳು.

"ಬೇಡ ಅಂದ್ರು. ಬೇಡ, ಬೇಡ, ಬೇಡ ಅಂತಾನೇ ಇದ್ರು."

ಯಂತ್ರದ ಸದ್ದಿಗೆ ಇರಬೇಕು, ಗಾಬರಿಯಾಗಿರಬೇಕು ಎಂದು ಅವನು ಹೇಳಿದ. ಅವಳು ಮಡಚಿದ ಮಾಸ್ಕನ್ನು ಚೀಲಕ್ಕೆ ಹಾಕಿದಳು. ಆಮೇಲೆ ಔಷಧಿಯ ಲೆಕ್ಕ ಹೇಳುವವಳ ದನಿಯಲ್ಲಿ ಹೇಳಿದಳು. ಎರಡು ತಿಂಗಳಿಂದ ಅಪ್ಪ ದಿನಾ ಮಧ್ಯಾಹ್ನ ಪೆನ್ಸಿಲು ಬೇಕೆಂದು ಕೈ ಮಾಡುತ್ತಿದ್ದರು. ಬಿದ್ದರೆ ಎತ್ತಿಕೊಳ್ಳಲಾಗದೆಂದು ಅವಳೇ ದಾರ ಕಟ್ಟಿಕೊಟ್ಟಿದ್ದಳು. ಮೊದಲು ಬರೀ ಗೀಚು. ಹೋದ ವಾರದಿಂದ ಅದರೊಳಗೆ ಅಕ್ಷರ ಕಾಣಿಸತೊಡಗಿತ್ತು. ಕಾಗದಕ್ಕಾದರೆ ಕೈ ಮುಟ್ಟಿಸದವರು ಹಲಗೆಯ ಮೇಲೆ ಬೆವರು ಸುರಿಸಿ ಬರೆಯುತ್ತಿದ್ದರು.

"ಏನು ಬರೆದಿದ್ರು?"

"ಆ ಮೂಲೇಲಿ ನಿಮ್ಮ ಹೆಸರಿತ್ತು. ತಿದ್ದಿ ತಿದ್ದಿ ಬರೆದಿದ್ರು."

"ಅದರ ಮುಂದೆ?"

"ಮುಂದಿಂದು ನಂಗೆ ಓದೋಕಾಗ್ಲಿಲ್ಲ. ನೀವಾದ್ರೆ ಓದ್ತೀರ ಅಂತಿದ್ದೆ."

ಅವನು ಹಲಗೆ ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಒಂದು ಗೆರೆಯಿಲ್ಲ. ಯಂತ್ರದ ಹಿಂದೆ ಧೂಳಿನ ಚೀಲ ಉಬ್ಬಿತ್ತು. ಮೂರನೇ ಒಂದು ಭಾಗ ತುಂಬಿದೊಡನೆ ಖಾಲಿ ಮಾಡಿ ಎಂದು ಬರೆದಿದ್ದ. ಮುಟ್ಟಿದ, ಬೆಚ್ಚಗಿತ್ತು. ಅದನ್ನು ಕಳಚಬೇಕೆಂದು ಕೈ ಹಾಕಿ, ಎಲ್ಲಿ ಸುರಿಯುವುದೆಂದು ತಿಳಿಯದೆ ಬಿಟ್ಟ. ಅಳು ಬರಬೇಕಿತ್ತು. ಬಂದದ್ದು ಸೀನು, ಎರಡು ಸಲ.

ಆಗ ಅಪ್ಪನ ಎಡಗೈ ಎದ್ದು ಹಲಗೆಯ ಮೇಲೆ ಬಂತು. ಯಾರೂ ಹಿಡಿದು ಇಡಲಿಲ್ಲ. ಅಪ್ಪ ಕಣ್ಣು ಮುಚ್ಚಿದರು. ಅಂಗೈ ಮರದ ಮೇಲೆ ನಿಧಾನವಾಗಿ ಹೊರಟಿತು, ತೋಳು ಚಾಚುವಷ್ಟು ದೂರ ಹೋಗಿ ತಿರುಗಿ ಬಂತು. ಅವನು ಉಸಿರು ಬಿಗಿಹಿಡಿದ. ನುಣುಪು ನೋಡುತ್ತಿದ್ದಾರೋ, ಬರೆದದ್ದನ್ನು ಹುಡುಕುತ್ತಿದ್ದಾರೋ, ಆ ಕೈಯಿಂದ ಏನೂ ಗೊತ್ತಾಗುತ್ತಿರಲಿಲ್ಲ. ಮೂಲೆಗೆ ಬಂದಾಗ ಅಂಗೈ ಸ್ವಲ್ಪ ಕೆಳಗಿಳಿದು ನಿಂತಿತು. ಅಲ್ಲಿ ತಗ್ಗು ಬಿದ್ದಿತ್ತು. ಕಣ್ಣಿಗೆ ಕಾಣದಷ್ಟು, ಆದರೆ ಐವತ್ತು ವರ್ಷದ ಅಂಗೈಗೆ ಸಾಕಾಗುವಷ್ಟು.

ಹದಿನಾರನೆಯ ಪುಟ: ಒಮ್ಮೆ ಬಿದ್ದ ತಗ್ಗನ್ನು ತುಂಬಲಾಗದು, ಸುತ್ತಲಿನ ಮರವನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕಾಗುತ್ತದೆ.

"ಸರಿ ಮಾಡ್ತೀನಿ," ಅಂದ. ಯಾರಿಗೆ ಅಂದದ್ದೋ ಅವನಿಗೂ ತಿಳಿಯದು. ಹೆಂಡತಿ ಏನೋ ಹೇಳಲು ಹೊರಟಳು. ಅವನು ಕುತ್ತಿಗೆಯಲ್ಲಿದ್ದ ಕವಚವನ್ನು ಎತ್ತಿ ಕಿವಿಗೆ ಹಾಕಿಕೊಂಡ. ಲೋಕ ಮತ್ತೆ ದೂರ ಸರಿಯಿತು.

ಯಂತ್ರ ಕೈಗೆತ್ತಿಕೊಂಡಾಗ ಅಪ್ಪ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದರು. ತುಟಿ ಅಲುಗಿತು. ಒಂದು ಚಿಕ್ಕ ಮಾತು. ಬೇಡ ಎನ್ನಲು ತುಟಿಗಳು ಕೂಡಬೇಕು, ಸೈ ಎನ್ನಲು ಕೂಡಬೇಕಿಲ್ಲ. ಇಷ್ಟನ್ನು ಅವನು ಓದಿ ಬಲ್ಲ. ಆದರೆ ಅಪ್ಪನ ಬಾಯಿಯ ಒಂದು ಕಡೆ ಮುಚ್ಚಿದ್ದಾಗ ಇನ್ನೊಂದು ಕಡೆ ತೆರೆದೇ ಇರುತ್ತಿತ್ತು. ತುಟಿ ಮತ್ತೆ ಅಲುಗಿತು. ಹೆಂಡತಿ ಬಾಯಿಗೆ ಸೆರಗು ಹಿಡಿದು ಅವನ ಕಡೆ ನೋಡಿದಳು. ಕೇಳಲು ಒಂದು ಕಿವಿಯ ಕವಚವನ್ನು ಒಂದು ಬೆರಳಿನಷ್ಟು ಸರಿಸಿದ್ದರೆ ಸಾಕಿತ್ತು.

ಅವನ ಎರಡೂ ಕೈ ಯಂತ್ರದ ಮೇಲಿದ್ದವು. ಅಪ್ಪನ ಕೈ ಆ ತಗ್ಗಿನಲ್ಲೇ ಇತ್ತು, ಅಳತೆ ತೆಗೆದು ಮಾಡಿಸಿದ ಹಾಗೆ ಸರಿಯಾಗಿ ಕೂತಿತ್ತು. ಪ್ಲಗ್ ಹಾಕಿಯೇ ಇತ್ತು.