ಬಾಜಿ ಅಂಗಡಿಯ ಪ್ರಾರ್ಥನೆ

ಒಕೆ-ಸಪೊ ಪಟ್ಟಣದಲ್ಲಿ ಅಂಗಡಿ ತೆರೆಯುವವನು ಮೊದಲು ಗೋಡೆಗೆ ಬಣ್ಣ ಬಳಿಸುತ್ತಾನೆ, ಆಮೇಲೆ ಕುರ್ಚಿ ಬಾಡಿಗೆಗೆ ತರುತ್ತಾನೆ, ಕೊನೆಗೆ ಪಾಸ್ಟರನ್ನು ಕರೆಯುತ್ತಾನೆ. ಪಾಸ್ಟರು ಪ್ರಾರ್ಥಿಸಿ ಎಣ್ಣೆ ಹಚ್ಚದ ಬಾಗಿಲಿಗೆ ಗಿರಾಕಿ ಕಾಲಿಡುವುದಿಲ್ಲ. ಡೊಟುನ್ ತೆರೆದದ್ದು ಫುಟ್‌ಬಾಲ್ ಬಾಜಿಯ ಅಂಗಡಿ. ಕೆಲವು ವರ್ಷಗಳ ಹಿಂದಾಗಿದ್ದರೆ ಊರು ಮೂಗು ಮುಚ್ಚಿಕೊಳ್ಳುತ್ತಿತ್ತು. ಈಗ ಸರ್ಕಾರದ ಪರವಾನಗಿಗೆ ಗಾಜು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದರಿಂದ ವಾಸನೆ ತಾನಾಗಿಯೇ ಹೋಗಿತ್ತು.

ಡೊಟುನ್‌ನ ತಾಯಿ ಅಬಿಯೊನಾಳಿಗೆ ಮಾತ್ರ ಹೋಗಿರಲಿಲ್ಲ. ಅವಳ ಗಂಡ ಅಕಾನ್ಬಿ ಇದೇ ಜಾಗದಲ್ಲಿ, ತಗಡಿನ ಚಪ್ಪರದಡಿ, ಇದೇ ವ್ಯಾಪಾರ ಮಾಡಿದ್ದ. ಸೈನಿಕರು ನೈಜೀರಿಯಾವನ್ನು ಆಳುತ್ತಿದ್ದ ಕಾಲ. ಇಂಗ್ಲೆಂಡನ್ನು ಕನಸಿನಲ್ಲೂ ಕಾಣದ ಗಂಡಸರು ಇಂಗ್ಲೆಂಡಿನ ಯಾವ ಆಟ ಸಮಸಮವಾಗಿ ಮುಗಿಯುತ್ತದೆಂದು ಹಣೆ ಚಚ್ಚಿಕೊಂಡು ಚೀಟಿಯಲ್ಲಿ ಗುರುತು ಹಾಕುತ್ತಿದ್ದರು. ಪರವಾನಗಿ ಲಾಗೋಸಿನ ದೊಡ್ಡವರಿಗೆ; ಅಕಾನ್ಬಿಗೆ ಸಿಕ್ಕಿದ್ದು ಲಾಠಿ. ಪೊಲೀಸರು ಚೀಟಿಗಳನ್ನೇ ಹಾರ ಮಾಡಿ ಕೊರಳಿಗೆ ಹಾಕಿ ಸಂತೆಯ ತುಂಬ ನಡೆಸಿದರು. ಜೈಲಿನಿಂದ ಅವನು ತಂದದ್ದು ಒಂದು ಕೆಮ್ಮು, ಅದರಲ್ಲೇ ಹೋದ. ಜೂಜುಕೋರನ ಹೆಸರನ್ನು ದೇವರ ಮುಂದೆ ಎತ್ತುವುದಿಲ್ಲವೆಂದು ಪಾಸ್ಟರು ಫಲೋಲಾ ಆಗ ಕೈತೊಳೆದುಕೊಂಡಿದ್ದರು. ಹೆಸರಿಲ್ಲದೆ ಮಣ್ಣು ಮಾಡಿದರು. ಊರೂ ಆ ಹೆಸರನ್ನು ಅಲ್ಲೇ ಬಿಟ್ಟು ಬಂತು. ಅವಳನ್ನೂ ಎಲ್ಲರೂ ಮಗನ ಹೆಸರಿನಿಂದಲೇ, ‘ಇಯಾ ಡೊಟುನ್’, ಅಂದರೆ ಡೊಟುನ್‌ನ ಅಮ್ಮ, ಎಂದೇ ಕರೆಯುವುದು. ಗಂಡನ ಹೆಸರು ಬೇರೆಯವರ ಬಾಯಿಂದ ಅವಳ ಕಿವಿಗೆ ಬಿದ್ದು ಕಾಲವಾಗಿತ್ತು.

ಎಣ್ಣೆಯ ಸೀಸೆ ಹಿಡಿದು ಬಂದ ಪಾಸ್ಟರನ್ನು ಅವಳು ಬಾಗಿಲಲ್ಲೇ ತಡೆದಳು.

“ಪಾಸ್ಟರೇ, ಪ್ರಾರ್ಥನೇಲಿ ಅವರ ಹೆಸರೊಂದು ಹೇಳಿಬಿಡಿ. ಬೇರೇನೂ ಕೇಳಲ್ಲ ನಾನು.”

ಪಾಸ್ಟರು ಬಿಳಿ ನಿಲುವಂಗಿಯ ತೋಳು ಸರಿಪಡಿಸಿಕೊಂಡರು. “ಇಯಾ, ಅವರು ಬಾಜಿ ಆಡಿಸ್ತಿದ್ದೋರು.”

“ನನ್ನ ಮಗ ಏನು, ಬೈಬಲ್ ಮಾರ್ತಾನಾ?”

“ಇವನ ಹತ್ರ ಲೈಸೆನ್ಸ್ ಇದೆ. ಅದು ಪಾಪ, ಇದು ಉದ್ಯಮ.”

“ಓಹೋ! ಸ್ವರ್ಗದ ಬಾಗಿಲಲ್ಲೂ ಲೈಸೆನ್ಸ್ ನೋಡೇ ಒಳಗೆ ಬಿಡ್ತಾರೆ ಅನ್ನಿ.”

ಡೊಟುನ್ ಓಡಿ ಬಂದ. “ಅಮ್ಮಾ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳೇ. ಬಾಜಿ ಕಂಪನಿಯೋರು ಬಂದಿದ್ದಾರೆ.”

“ಬಂದಿದ್ದಾರಪ್ಪ. ನಿಮ್ಮಪ್ಪನ್ನ ಎಳಕೊಂಡು ಹೋದೋನೂ ಬಂದಿದ್ದಾನೆ. ಬರದೇ ಇರೋನು ನಿಮ್ಮಪ್ಪ ಒಬ್ಬನೇ.”

ಎಳೆದೊಯ್ದವನು ನಿವೃತ್ತ ಸಾರ್ಜೆಂಟ್ ಇಡೊವು. ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಜೊಲ್ಲೋಫ್ ಅನ್ನದ ತಟ್ಟೆ ಇಟ್ಟುಕೊಂಡು ಕೂತಿದ್ದ. ರಿಬ್ಬನ್ ಕತ್ತರಿಸುವ ಮುಖ್ಯ ಅತಿಥಿ ಅವನೇ. ಈ ವ್ಯಾಪಾರದಲ್ಲಿ ಹಳೆಯ ಅನುಭವ ಇದ್ದವರು ಬೇರೆ ಯಾರಿದ್ದಾರೆ?

ಅಂಗಡಿಗಳಿಗೆಂದು ಪಾಸ್ಟರ ಬಳಿ ಇದ್ದದ್ದು ಒಂದೇ ಪ್ರಾರ್ಥನೆ. ಟೈರ್ ಅಂಗಡಿಗೂ ಅದೇ, ಜಡೆ ಹೆಣೆಯುವ ಅಂಗಡಿಗೂ ಅದೇ, ಅಕ್ಕಿ ಮಂಡಿಗೂ ಅದೇ. ಕಣ್ಣು ಮುಚ್ಚಿ, ಕೈ ಮೇಲೆತ್ತಿ ಶುರುಮಾಡಿದರು.

“ಈ ಹೊಸಿಲು ದಾಟಿದ ಒಬ್ಬೊಬ್ಬ ಗಿರಾಕಿಯೂ ಲಾಭ ಹೊತ್ತುಕೊಂಡೇ ಹೋಗಲಿ!”

“ಆಮೆನ್!” ಎಂದಿತು ಜನ, ಅಭ್ಯಾಸಬಲದಿಂದ. ಮರುಕ್ಷಣ ಏನು ಕೇಳಿದೆವೆಂದು ಹೊಳೆಯಿತು.

“ಬರಿಗೈಲಿ ಬಂದವನು ತುಂಬಿದ ಕೈಲಿ ಹೋಗಲಿ! ಇಲ್ಲಿ ಒಬ್ಬನೂ ಸೋಲದಿರಲಿ!”

“ಆಮೆನ್! ಆಮೆನ್!” ಮಾಡಿನ ತಗಡು ಅದುರಿತು. ರಸ್ತೆಯಾಚೆ ಸವಾರಿಗೆ ಕಾದಿದ್ದ ಬಾಡಿಗೆ ಬೈಕಿನವರು ಬೈಕುಗಳನ್ನು ಅಲ್ಲಲ್ಲೇ ಬಿಟ್ಟು ಹೊಸಿಲು ದಾಟಲು ನುಗ್ಗಿದರು. ಡೊಟುನ್‌ನ ಬಾಯಲ್ಲಿ ಆಮೆನ್ ಅರ್ಧಕ್ಕೇ ಸಿಕ್ಕಿಕೊಂಡಿತು.

“ಏನ್ ಮಾಡಿಬಿಟ್ರಿ ಪಾಸ್ಟರೇ! ಇವರೆಲ್ಲಾ ಗೆದ್ರೆ ನಾನೇನು ಮಣ್ಣು ತಿನ್ಲಾ? ವಾಪಸ್ ತಗೊಳ್ಳಿ!”

“ಅದು ಹೆಂಗೆ ವಾಪಸ್?” ಎಂದ ಒಬ್ಬ ಬೈಕಿನವನು. “ಆಮೆನ್ ಬಿದ್ದಾಯ್ತು. ಇನ್ನು ಅದು ದೇವರ ಸೊತ್ತು ಕಣಪ್ಪಾ.”

“ಇದನ್ನ ವಾಪಸ್ ತಗೊಂಡ್ರೆ ನಮ್ಮ ಅಂಗಡಿಗೆ ಮಾಡಿದ್ದೂ ವಾಪಸ್ಸಾ?” ಟೈರ್ ಅಂಗಡಿಯ ಹೆಂಗಸು ಸೊಂಟಕ್ಕೆ ಕೈಕೊಟ್ಟು ಎದ್ದಳು. “ಒಂದು ಕುರಿ ಕೊಟ್ಟಿದೀನಿ ಅದಕ್ಕೆ!”

ಪಾಸ್ಟರ ನಿಲುವಂಗಿ ಬೆನ್ನಿಗೆ ಅಂಟಿತು. ವಾಪಸ್ ಎಂದರೆ ಊರಿನ ಅಂಗಡಿಗಳೆಲ್ಲ ತಿರುಗಿಬೀಳುತ್ತವೆ. ಇಲ್ಲವೆಂದರೆ ಇಲ್ಲಿ ಬರಬೇಕಾದ ಕಾಣಿಕೆ ಹೋಗುತ್ತದೆ. ಕಂಪನಿಯವನು ಆಗಲೇ ಮುಖ ತಿರುಗಿಸಿಕೊಂಡು ಫೋನಿನಲ್ಲಿ ಪಿಸುಗುಡುತ್ತಿದ್ದ.

ಅಬಿಯೊನಾ ನಿಧಾನವಾಗಿ ಎದ್ದಳು.

“ಕೊಟ್ಟಿದ್ದು ಹಿಂದಕ್ಕೆ ಬರಲ್ಲ. ಆದ್ರೆ ಹೊಸಿಲು ದಾಟೋರಿಗೆ ಕೇಳಿದ್ರಿ, ಹೊಸಿಲಿನ ಯಜಮಾನನಿಗೆ ಕೇಳಲೇ ಇಲ್ಲ. ಶುಭಕಾರ್ಯದಲ್ಲಿ ಕೋಲಾ ಕಾಯಿ ಒಡೆದು ಹಂಚಿದ್ರೆ ಮೊದಲ ಹೋಳು ಯಾರಿಗೆ?”

“ಹಿರಿಯರಿಗೆ,” ಎಂದರು ಜನ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

“ಮತ್ತೆ? ಈ ಜಾಗದಲ್ಲಿ ಮೊದಲು ಮೇಜು ಹಾಕಿದ ಹಿರಿಯ ಯಾರೋ, ಅವನ ಹೆಸರು ಹಿಡಿದು ‘ಇವನ ಮನೆ ಸೋಲದಿರಲಿ’ ಅನ್ನಿ. ಅವನ ಪಾಲು ಮೊದಲು. ಮಿಕ್ಕಿದ್ರೆ ಇವರದ್ದು.”

“ಮಗನ ಹೆಸರು ಹೇಳಿದ್ರೆ ಸಾಲದಾ ಇಯಾ?”

“ಅಪ್ಪನ ಹೆಸರೇ ಇಲ್ಲದೋನಿಗೆ ಯಾವ ಪಾಲು?”

ಕಂಪನಿಯವನು ಫೋನು ಕೆಳಗಿಳಿಸಿದ. “ಹೇಳಿ ಪಾಸ್ಟರೇ. ಬೇಕಾದ್ರೆ ಏಳು ಸಲ ಹೇಳಿ.”

ಪಾಸ್ಟರು ಗಂಟಲು ಸರಿಮಾಡಿಕೊಂಡರು. “ಕರ್ತನೇ... ನಿನ್ನ ಸೇವಕ ಅಕಾನ್ಬಿಯ ಮನೆ ಎಂದಿಗೂ ಸೋಲದಿರಲಿ.”

ಪರವಾನಗಿ ಇಲ್ಲದ ಜೂಜುಕೋರ ಮಣ್ಣಿನಿಂದೆದ್ದು ದೇವರ ಸೇವಕನಾದ. ಸಾರ್ಜೆಂಟ್ ಇಡೊವು ತಟ್ಟೆ ಕೆಳಗಿಟ್ಟು, ಟೊಪ್ಪಿ ತೆಗೆದು, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ. ಅವನ ಗಡ್ಡದಲ್ಲಿ ಅನ್ನದ ಅಗುಳಿತ್ತು. ಅಬಿಯೊನಾ ಅದನ್ನೇ ನೋಡುತ್ತ ನಿಂತಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ.

ಶನಿವಾರ ಇಂಗ್ಲೆಂಡಿನ ಆಟಗಳು ಮುಗಿದಾಗ ಒಕೆ-ಸಪೊದ ಮುಕ್ಕಾಲು ಗಂಡಸರು ಸೋತಿದ್ದರು. ಹಿಂದೆಲ್ಲ ಸೋತವರು ಗೋಲ್‌ಕೀಪರನನ್ನು ಬೈಯುತ್ತಿದ್ದರು, ರೆಫರಿಯನ್ನು ಬೈಯುತ್ತಿದ್ದರು. ಈಗ ಅವರಿಗೆ ಸ್ವಂತ ಊರಿನವನೊಬ್ಬ ಸಿಕ್ಕಿದ್ದ.

“ಆ ಮುದುಕ ಅಕಾನ್ಬಿ ಗೋಲಿನ ಬಾಯಲ್ಲಿ ಅಡ್ಡ ನಿಂತಿದ್ದ ಕಣ್ರೋ!”

“ಸತ್ತ ಮೇಲೂ ನುಂಗ್ತಾನಲ್ಲೋ ಅಕಾನ್ಬಿ!”

ಬೈಕಿನವನು ಚೀಟಿ ಹರಿದು ಬೀದಿಗೆ ಎಸೆದ. “ಅಕಾನ್ಬಿ ಮನೆ ಹಾಳಾಗ!”

ಅಂಗಡಿಯ ಹೊರಗೆ ಸ್ಟೂಲು ಹಾಕಿಕೊಂಡು ಅಬಿಯೊನಾ ಕೂತಿದ್ದಳು. ಅವನು ಅವಳನ್ನು ಕಂಡು ನಾಚಿ ತಲೆತಗ್ಗಿಸಿದ.

“ತಪ್ಪಾಯ್ತು ಇಯಾ.”

“ತಪ್ಪೇನೂ ಇಲ್ಲಪ್ಪ,” ಎಂದಳು ಅವಳು, ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು. “ಯಾರ ಮನೆ ಅಂದೆ? ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸಲಿಲ್ಲ.”