ಕಾಗದದ ಎತ್ತು

ಪ್ರೇಮವ್ವನ ಬೆರಳ ಸಂದಿಗಳನ್ನು ಸಿಮೆಂಟು ತಿಂದು ಹಾಕಿತ್ತು. ಅಮೆರಿಕದ ಸೆರಿಟೋಸ್‌ನ ಆ ಚೆಂದದ ಮನೆಯ ಹಿತ್ತಲಲ್ಲಿ ಬೆಳಿಗ್ಗೆ ಆರಕ್ಕೆ ಹಳೇ ಪೇಪರು ಕುಟ್ಟಲು ಕೂತರೆ ಆ ಮನೆಯ ಮಕ್ಕಳು ಸ್ಕೂಲಿನಿಂದ ಬರುವವರೆಗೂ ಏಳುವಂತಿಲ್ಲ. ಅವರು ಬಂದರೆ ರೊಟ್ಟಿ ಬಡಿಯಬೇಕು. ಅವೇ ಬೆರಳುಗಳಿಂದ. ಆಮೇಲೆ ಮತ್ತೆ ಪೇಪರು.

ಮನೆಯ ಯಜಮಾನರು ಓಂಪ್ರಕಾಶ್, ಎಂಜಿನಿಯರು. 2006ರಲ್ಲಿ ಅವರಿಗೆ ಭೂಮಿತಾಯಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ರದ್ದಿ ಕಾಗದಕ್ಕೆ ಸಿಮೆಂಟು ಕಲಸಿ ಇಟ್ಟಿಗೆ, ಮೂರ್ತಿ ಮಾಡುವ ಕಂಪನಿ ತೆಗೆದರು. ಮೂರು ಮಿಕ್ಸರ್ ಸುಟ್ಟರು. ಒಂದು ಇಟ್ಟಿಗೆಯೂ ನೆಟ್ಟಗೆ ನಿಲ್ಲಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಬಾಗಲಕೋಟೆ ಕಡೆಯಿಂದ ಕರೆಸಿಕೊಂಡಿದ್ದ ಪ್ರೇಮವ್ವ ಅದನ್ನು ನೋಡಿ ನಕ್ಕಳು. ಊರಲ್ಲಿ ಕಾಗದ, ಮೆಂತ್ಯ ಅರೆದು ಬಿದಿರು ಬುಟ್ಟಿಗೆ ಮೆತ್ತಿದ ಕೈ ಅದು.

"ಕಾಗದ ಮೂರ್ ದಿನಾ ನೆನೀಬೇಕ್ರಿ ಸಾಹೇಬ್ರ. ಕುಟ್ಟಿ, ಹಿಂಡಿ ನೀರು ತಗದ ಮ್ಯಾಲೆ ಸಿಮೆಂಟ್ ಹಾಕ್ಬೇಕು."

ಅಷ್ಟು ಹೇಳಿದ್ದೇ ತಪ್ಪಾಯಿತು. ಮರುದಿನದಿಂದ ಆಕೆಗೆ ಹಿತ್ತಲೇ ಗತಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುತ್ತಿದ್ದಂಥ ಎತ್ತುಗಳನ್ನು ಕಾಗದದಲ್ಲಿ, ಮೊಣಕಾಲೆತ್ತರ ಮಾಡಿದಳು. ಓಂಪ್ರಕಾಶರು ಅವುಗಳ ಹೊಟ್ಟೆಯ ಕೆಳಗೆ ತಮ್ಮ ಹೆಸರು ಕೊರೆದರು. ಕಷ್ಟದ ಕೆಲಸ, ಪಾಪ! ಸ್ಪೆಲ್ಲಿಂಗ್ ತಪ್ಪಬಾರದಲ್ಲ.

ನಾನು ಶಿವಲಿಂಗಯ್ಯ, ಅವರ ಟ್ರಕ್ ಓಡಿಸುವವನು. ಎಲ್ಲ ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆಯಾಗಬೇಕು ನನಗೆ.

ಊರಲ್ಲಿ ಪ್ರೇಮವ್ವನ ಮಗಳು ಜಯಮ್ಮನಿಗೆ ಎಂಟು ತಿಂಗಳು. ಚೊಚ್ಚಲು. ತವರಲ್ಲಿ ತಾಯಿಯೇ ಇಲ್ಲದಿದ್ದರೆ ಬಾಣಂತನ ಯಾರು ಮಾಡಬೇಕು? ಪಾಸ್‌ಪೋರ್ಟು, ವಾಪಸ್ ಟಿಕೆಟ್ಟು ಎರಡೂ ಓಂಪ್ರಕಾಶರ ಬ್ರೀಫ್‌ಕೇಸಿನಲ್ಲಿ. ಕೇಳಿದಾಗಲೆಲ್ಲ ಒಂದೇ ರಾಗ.

"ಅವ್ವಾ, ನೀವು ನಮ್ಮ ಮನೀ ಮಂದಿ. ಮನೀ ಮಂದಿ ಪಾಸ್‌ಪೋರ್ಟ್ ಕೇಳ್ತಾರೇನ್ರಿ? ಇದೊಂದು ಶೋ ಮುಗೀಲಿ."

ಶೋ ಇದ್ದದ್ದು ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ, ಒಂದು ದೊಡ್ಡ ಆಫೀಸಿನ ಅಂಗಳದಲ್ಲಿ. ಸೀರೆಗೆ ಸಿಮೆಂಟು ಮೆತ್ತಿದೆಯೆಂದು ಮನೀ ಮಂದಿಯನ್ನು ಟ್ರಕ್ಕಿನಲ್ಲೇ ಕೂರಿಸಿದರು. ತಾವು ರೇಷ್ಮೆ ಕುರ್ತಾ ತೊಟ್ಟು ಎತ್ತುಗಳ ನಡುವೆ ನಿಂತು ಭಾಷಣ ಬಿಗಿದರು. ಬೆವರು, ಭೂಮಿ, ಪರಂಪರೆ, ಎಲ್ಲ ಬಂತು. ಆ ಆಫೀಸಿನ ಬಿಳಿಕೂದಲ ಮೇಡಂಗೆ ಬಹಳ ಖುಷಿಯಾಯಿತು. ಇಪ್ಪತ್ತು ಎತ್ತು ತಗೊಳ್ಳುತ್ತೇವೆ, ಒಂದನ್ನು ಇಲ್ಲೇ ನಮ್ಮೆದುರು ಮಾಡಿ ತೋರಿಸಿ ಎಂದಳು.

ಓಂಪ್ರಕಾಶರು ಟ್ರಕ್ಕಿನ ಹತ್ತಿರ ಓಡಿ ಬಂದರು.

"ಅವ್ವಾ, ಲಗೂ ಇಳೀರಿ. ತೋರ್ಸಾಕಂತ ಡ್ರಮ್ಮಿನ್ಯಾಗ ನೆನಸಿ ತಂದ ಕಾಗದ ಐತಲ್ಲ, ಒಂದ್ ಎತ್ತು ಮಾಡ್ರಿ. ನನ್ನ ಹೆಲ್ಪರ್ ಅಂತ ಹೇಳ್ತೀನಿ. ನೀವೇನೂ ಮಾತಾಡಬ್ಯಾಡ್ರಿ."

"ಪಾಸ್‌ಪೋರ್ಟ್ ಕೊಡ್ರಿ."

"ಈಗೇನ್ರಿ ಅದು! ಅಲ್ಲಿ ಮಂದಿ ಕಾಯಾಕತ್ತಾರ!"

"ನನ್ನ ಮಗಳೂ ಕಾಯಾಕತ್ತಾಳ್ರಿ."

ಬ್ರೀಫ್‌ಕೇಸು ತೆರೆಯಿತು. ಪ್ರೇಮವ್ವ ಪಾಸ್‌ಪೋರ್ಟು, ಟಿಕೆಟ್ಟು ಎರಡನ್ನೂ ನನಗೆ ತೋರಿಸಿ, ನಾನು ಸರಿಯಿದೆ ಅಂದಮೇಲೆ ಸೆರಗಿಗೆ ಗಂಟು ಹಾಕಿಕೊಂಡು ಇಳಿದಳು.

ಅಂಗಳದಲ್ಲಿ ಕೂತು ಕಾಗದ ಹಿಂಡಿದಳು, ಸಿಮೆಂಟು ಕಲಸಿದಳು. ಅರ್ಧ ಗಂಟೆಯಲ್ಲಿ ಕಾಲು, ಬೆನ್ನ ಮೇಲಿನ ಇಣಿ, ಕೋಡು ಎಲ್ಲ ಮೂಡಿದವು. ಜನ ಚಪ್ಪಾಳೆ ಹೊಡೆದರು. ಇದು ಯಾರ ಕೆಲಸ ಎಂದಳು ಮೇಡಂ. ಓಂಪ್ರಕಾಶರು ಎದೆ ಮುಟ್ಟಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು.

"ಏನಂದ್ರು ತಮ್ಮಾ?" ಎಂದು ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕೇಳಿದಳು ಪ್ರೇಮವ್ವ.

ಇನ್ನೆಷ್ಟು ದಿನ ಬಾಯಿ ಮುಚ್ಚಿಕೊಂಡಿರುವುದು?

"ಎತ್ತು ಅವರದಂತ ಬೇ. ನೀವು ಬರೇ ಕಲಸಾಕಿ ಅಂತ."

ಪ್ರೇಮವ್ವ ಎತ್ತನ್ನು ನೋಡಿದಳು. ಸೊಟ್ಟಗಿದ್ದ ಒಂದು ಕೋಡನ್ನು ನೆಟ್ಟಗೆ ಮಾಡಿದಳು. ಆಮೇಲೆ ಎರಡೂ ಅಂಗೈ ಅದರ ಬೆನ್ನ ಮೇಲಿಟ್ಟು ಒತ್ತಿಬಿಟ್ಟಳು. ಎತ್ತು ಹೋಗಿ ಮುದ್ದೆಯಾಯಿತು.

"ಅವರದಾದ್ರ ಅವರ ಮಾಡಿ ತೋರಸ್ಲಿ. ಹೇಳು ಇಂಗ್ಲಿಷಿನ್ಯಾಗ."

ಹೇಳಿದೆ. ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ. ಮೇಡಂ ಕುರ್ಚಿ ಎಳೆದುಕೊಂಡು ಮುದ್ದೆಯ ಎದುರಿಗೇ ಕೂತಳು. ಓಂಪ್ರಕಾಶರು ಕುರ್ತಾದ ತೋಳು ಮಡಚಿದರು.

ಟ್ರಕ್ಕಿನ ಕೀಲಿಯನ್ನು ಅವರ ಬ್ರೀಫ್‌ಕೇಸಿನ ಮೇಲಿಟ್ಟೆ. ಪ್ರೇಮವ್ವ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದೆವು. ಗೇಟು ದಾಟುವಾಗ ಹಿಂದಿನಿಂದ ಕೂಗು ಕೇಳಿಸಿತು.

"ಅವ್ವಾ! ಸಿಮೆಂಟ್ ಎಷ್ಟು ಹಾಕ್ಬೇಕ್ರೀ?"