ನಾಳೆ ಸಂಜೆಯ ತನಕ ಗಾಡಿ ಹತ್ತಬಾರದು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟು ಅಕ್ಕನ ಮನೆಗೆ ಹೋಗುತ್ತೇನೆಂದು ಮೂರು ವಾರದ ಹಿಂದೆಯೇ ಇವರಿಗೆ ಹೇಳಿದ್ದೆ. ನಾಲ್ಕು ದಿನ ಇದ್ದು ಬರುವುದಕ್ಕಲ್ಲ, ಅಲ್ಲೇ ಇದ್ದುಬಿಡುವುದಕ್ಕೆ. ಇವರು ಟೀ ಲೋಟ ಕೆಳಗಿಟ್ಟು "ಸರಿ" ಅಂದರು. ಲೋಟ ತೊಳೆದಿಟ್ಟು ಕೆಲಸಕ್ಕೆ ಹೋದರು.

ಹೊಡೆಯುವವರಲ್ಲ, ಕುಡಿಯುವವರಲ್ಲ, ಒಂದು ದಿನವೂ ಏರಿದ ದನಿಯಲ್ಲಿ ಬೈದವರಲ್ಲ. ಹಾಗಾಗಿ ಯಾಕೆ ಹೋಗುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ಹನ್ನೊಂದು ವರ್ಷ ಗೋಡೆಯ ಜೊತೆ ಮಾತಾಡಿ ಸುಸ್ತಾಗಿತ್ತು, ಅಷ್ಟೇ. ಇವರು ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಯ ನಡುವೆ ಸಿಕ್ಕಿಕೊಂಡು ಕಿರುಚುವವರನ್ನು ಹೊರಗಿನಿಂದಲೇ ಮಾತಾಡಿಸಿ, ಸಮಾಧಾನ ಮಾಡಿ, ಇಳಿಸುತ್ತಾರಂತೆ. ಅಲ್ಲಿ ಬರುವ ಬಾಯಿ ಮನೆಗೆ ಬರುವಷ್ಟರಲ್ಲಿ ಎಲ್ಲಿ ಬಿದ್ದುಹೋಗುತ್ತಿತ್ತೋ ಗೊತ್ತಿಲ್ಲ. ಮೊದಮೊದಲು ನನಗೆ ಅಳು ಬರುತ್ತಿತ್ತು, ಆಮೇಲೆ ಸಿಟ್ಟು. ಈಚೆಗೆ ಎರಡೂ ಇಲ್ಲ. ನಾನು ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವವಳು. ಸೂಜಿ ಚುಚ್ಚಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತವರು ತಮ್ಮದೇ ಕೆನ್ನೆಯನ್ನು ಯಾರದೋ ಎಂಬಂತೆ ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ಇಡಿಯಾಗಿ ಹಾಗಾಗಿದ್ದೆ.

ಆದರೂ ಸುಳ್ಳೇಕೆ ಹೇಳಲಿ, ಆ ಮೂರು ವಾರ ನಾನು ಕಾದದ್ದು ಒಂದೇ ಮಾತಿಗೆ. "ಹೋಗಬೇಡ." ಅದೊಂದು ಬಂದಿದ್ದರೆ ಪೆಟ್ಟಿಗೆ ಬಿಚ್ಚುತ್ತಿದ್ದೆ.

ಭಾನುವಾರ ಏಳು ಗಂಟೆಗೆ ಹೊರಗೆ ಕರಕರ ಸದ್ದಾಯಿತು. ಬಾಗಿಲು ತೆಗೆದು ನೋಡಿದರೆ ಇವರು ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಎರಡು ಡ್ರಮ್ಮು, ಒಂದು ಬಕೆಟ್ಟು, ಮೂತಿ ಚೂಪಾದ ಒಂದು ಕ್ಯಾನು. ನಮ್ಮ ಗೇಟಿನಿಂದ ಶೆಡ್ಡಿನವರೆಗೆ ಕಾರು ಬರಲು ಹಾಕಿಸಿದ ಡಾಂಬರಿದೆ. ಹಿಂದಿನ ಮಾಲೀಕ ಯಾವ ಕಾಲದಲ್ಲಿ ಹಾಕಿಸಿದ್ದೋ, ಕಪ್ಪು ಹೋಗಿ ಬೂದಿಯಾಗಿತ್ತು. ನಡುವೆ ಉದ್ದಕ್ಕೆ ಒಂದು ಬಿರುಕು, ಅದಕ್ಕೆ ಅಡ್ಡಡ್ಡ ಹತ್ತಾರು ಮರಿಬಿರುಕು, ಎಲ್ಲದರಲ್ಲೂ ಹುಲ್ಲು. ಶೆಡ್ಡಿನ ಮುಂದಂತೂ ಮೊಸಳೆ ಬೆನ್ನಿನ ಹಾಗೆ ಒಡೆದು ಚೂರುಚೂರು. ಸರಿಮಾಡಿಸಿ, ಸರಿಮಾಡಿಸಿ ಎಂದು ನಾನು ಒಂಬತ್ತು ವರ್ಷ ಬಡಕೊಂಡಿದ್ದೆ.

"ಏನ್ರೀ ಇದು?"

"ಬಿರುಕು ಮುಚ್ತಾ ಇದ್ದೀನಿ."

"ಇವತ್ತಾ?"

"ಇವತ್ತು ಬಿಸಿಲಿದೆ." ಕ್ಯಾನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಹಾಕಿದ ಮೇಲೆ ನಾಳೆ ಸಂಜೆ ತನಕ ಗಾಡಿ ಹತ್ತಬಾರದಂತೆ."

ನನ್ನ ಗಾಡಿ ಶೆಡ್ಡಿನಲ್ಲಿ! ರಾತ್ರಿ ನಾನೇ ನಿಲ್ಲಿಸಿ ಮಲಗಿದ್ದೆ. ಗೇಟಿನ ಬಾಯಲ್ಲಿ ಆಗಲೇ ಎರಡು ಬಿರುಕು ಹಸಿಹಸಿ ಕಪ್ಪಗೆ ಹೊಳೆಯುತ್ತಿದ್ದವು. ನನಗೆ ಅಂಗಾಲಿನಿಂದ ನೆತ್ತಿಯ ತನಕ ಉರಿದುಹೋಯಿತು. ಎಂಥ ಮನುಷ್ಯ ಇವರು! ಬಾಯಿಬಿಟ್ಟು ಹೋಗಬೇಡ ಅನ್ನಲಾರದೆ ಡಾಂಬರು ಸುರಿದು ದಾರಿ ಕಟ್ಟುತ್ತಿದ್ದಾರೆ! ಧಡಾರನೆ ಬಾಗಿಲು ಹಾಕಿಕೊಂಡು ಒಳಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

"ಇವತ್ತು ಆಗಲ್ಲ ಕಣೇ. ನಾಳೆ ಸಂಜೆ ಬರ್ತೀನಿ. ಇವರು ಗಾಡಿ ಆಚೆ ಹೋಗದಂಗೆ ಮಾಡಿಟ್ಟಿದ್ದಾರೆ."

"ಅಯ್ಯೋ, ಬಾಡಿಗೆ ಗಾಡಿ ಹಿಡ್ಕೊಂಡು ಬಾರೇ."

"ಸಾಮಾನು ತುಂಬಾ ಇದೆ ಅಕ್ಕಾ."

"ಎರಡೇ ಪೆಟ್ಟಿಗೆ ಅಂದಿದ್ದೆ?" ಆಮೇಲೆ, "ಲೇ, ನೀನು ನಗ್ತಾ ಇದ್ದೀಯಾ?"

"ನಗೋದೆಲ್ಲಿ ಬಂತು, ಮೈಯೆಲ್ಲ ಉರೀತಾ ಇದೆ."

"ಉರೀಲಿ ಬಿಡು. ನಿಂಗೆ ಸಿಟ್ಟು ಬಂದು ವರ್ಷ ಆಗಿತ್ತು," ಅಂದಳು ಅಕ್ಕ.

ಮತ್ತೆ ಹೊರಗೆ ಹೋದೆ. ಇವರು ಹುಲ್ಲಿನ ಮೇಲೇ, ಮಣ್ಣಿನ ಮೇಲೇ ಕ್ಯಾನು ಬಗ್ಗಿಸಿ ಸುರಿಯುತ್ತಿದ್ದರು. ಲಿಫ್ಟಿನ ಹಗ್ಗಕ್ಕೆ ಇಷ್ಟು ಕಸ ಅಂಟಿದ್ದರೆ ಸುಮ್ಮನಿರುತ್ತಿದ್ದರೋ ಏನೋ. ನನಗೆ ನೋಡಿಕೊಂಡಿರಲು ಆಗಲಿಲ್ಲ.

"ಏನ್ರೀ, ಹುಳುಕು ಕೆರೆಯದೆ ಹಲ್ಲಿಗೆ ಸಿಮೆಂಟು ತುಂಬ್ತಾರಾ? ನಾಳೆಗೇ ಕಿತ್ತು ಬರುತ್ತೆ. ಏಳಿ ಮೇಲೆ."

ಎದ್ದರು. ನಾನು ಹಳೇ ಚಾಕು ತಂದು ಕೂತೆ. ಹುಲ್ಲನ್ನು ಬೇರುಸಮೇತ ಕಿತ್ತು, ಬಿರುಕಿನ ಒಳಗೋಡೆ ಕೆರೆದು, ಬ್ರಷ್ಷಿನಲ್ಲಿ ಧೂಳು ತೆಗೆದೆ. ಇವರು ಸೈಕಲ್ ಪಂಪು ತಂದು ಹಿಂದಿನಿಂದ ಗಾಳಿ ಊದಿದರು. ಆಳವಿದ್ದ ಕಡೆ ಮೊದಲು ಮರಳು ತುರುಕಿದೆವು, ಮೇಲೆ ಕ್ಯಾನಿನ ಡಾಂಬರು. ಕಾರು ನಿಂತು ನಿಂತು ಎಣ್ಣೆ ಸುರಿದ ಜಾಗವನ್ನು ಸೋಪಿನ ಪುಡಿ ಹಾಕಿ ಎರಡೆರಡು ಸಲ ಉಜ್ಜಿದೆ, ಎಣ್ಣೆಯಿದ್ದರೆ ಮೇಲಿನ ಲೇಪ ಹಿಡಿಯುವುದಿಲ್ಲವೆಂದು ಡ್ರಮ್ಮಿನ ಮೇಲೆ ಬರೆದಿತ್ತು. ಮೊಸಳೆ ಬೆನ್ನನ್ನು ಇವರು ಗುದ್ದಲಿಯಲ್ಲಿ ಅಗೆದು ತೆಗೆದು, ಒಂದು ಡ್ರಮ್ಮಿನಲ್ಲಿದ್ದ ಡಾಂಬರು ಬೆರೆಸಿದ ಜಲ್ಲಿ ತುಂಬಿದರು. ಅದರ ಮೇಲೆ ಹಲಗೆಯಿಟ್ಟು ಇಬ್ಬರೂ ಹತ್ತಿ ನಿಂತು ಕುಣಿದೆವು. ಕುಣಿಯುವುದೆಂದರೆ ಕುಣಿಯುವುದೇ, ಬೇರೆ ಮಾತಿಲ್ಲ ಅದಕ್ಕೆ.

ಪಕ್ಕದ ಮನೆಯ ಮುದುಕರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಬೀದಿಯ ಸುದ್ದಿಯೆಲ್ಲ ಅವರ ಬಾಯಿಂದಲೇ ಬರುವುದರಿಂದ ಅವರಿಗೆ ರೇಡಿಯೊ ಎಂದು ಹೆಸರು.

"ಏನಮ್ಮಾ, ಗಂಡ ಹೆಂಡ್ತಿ ಸೇರಿ ರಸ್ತೆ ಕಾಂಟ್ರಾಕ್ಟ್ ತಗೊಂಡ್ರಾ?"

"ಹೂಂ, ನಾಳೆ ನಿಮ್ಮ ಮನೆಗೇ ಬರ್ತೀವಿ," ಅಂದೆ. ಇವರು ಮುಖ ತಿರುಗಿಸಿಕೊಂಡು ನಕ್ಕರು. ಹಲ್ಲು ಕಂಡಿತು.

ಸ್ವಲ್ಪ ಹೊತ್ತಿನ ಮೇಲೆ ಗಡಿಯಾರ ನೋಡಿಕೊಂಡು ಮೆಲ್ಲಗೆ, "ಹತ್ತಾಯ್ತು," ಅಂದರು.

ಅಣಕಿಸುತ್ತಿದ್ದಾರೆ ಎಂದುಕೊಂಡೆ. "ಆಗ್ಲಿ ಬಿಡಿ," ಅಂದೆ.

ನನ್ನನ್ನೇ ನೋಡಿದರು. ಗೋಡೆ ಬದಿಯ ಮಣ್ಣಿನ ಮೇಲೆ ಹೆಜ್ಜೆಯಿಟ್ಟುಕೊಂಡು ಒಳಗೆ ಹೋಗಿ, ನನಗೂ ಒಂದು ಜೊತೆ ಕೈಗವಸು ತಂದುಕೊಟ್ಟರು. ತಮ್ಮ ಕೈಯಿಂದಲೇ ತೊಡಿಸಿದರು.

ಊಟವಾದ ಮೇಲೆ ಬಿರುಕಿನದು ಒಣಗಿ ಗಟ್ಟಿಯಾಗಿತ್ತು. ಎರಡನೆಯ ಡ್ರಮ್ಮು ಕದಡಿ ಮೇಲಿನ ಲೇಪಕ್ಕೆ ಶುರುಮಾಡಿದೆವು. ಶೆಡ್ಡಿನ ಬಾಗಿಲಿಂದ ಹಿಂದಕ್ಕೆ ಹಿಂದಕ್ಕೆ ಗೇಟಿನ ಕಡೆ ಬರಬೇಕು. ಇವರು ಬಕೆಟ್ಟಿನಿಂದ ಸುರಿದರು, ನಾನು ರಬ್ಬರು ಪಟ್ಟಿಯ ಕೋಲಿನಲ್ಲಿ ಎಳೆದೆ. ಬೂದಿ ಬಣ್ಣದ ನೆಲ ಗೆರೆಗೆರೆಯಾಗಿ ಕಪ್ಪಾಗುತ್ತ ಬಂತು. ಮುಚ್ಚಿದ ಶೆಡ್ಡಿನ ಬಾಗಿಲು ನೋಡಿದಾಗಲೆಲ್ಲ, ನಾಳೆ ಸಂಜೆಯವರೆಗೆ ಇನ್ನೂ ಎಷ್ಟು ಗಂಟೆ ಎಂದು ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಪೂರ್ತಿ. ಒಂದು ದಿನದಲ್ಲಿ ಮನುಷ್ಯ ಬಾಯಿ ಬಿಡಬಹುದು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಬೆನ್ನು ನೋಯುತ್ತಿತ್ತು, ಅದೂ ಚೆನ್ನಾಗಿತ್ತು.

"ಇನ್ನು ಏಳೆಂಟು ವರ್ಷ ತಡ್ಕೊಳ್ಳುತ್ತಂತೆ," ಅಂದರು ಇವರು. "ಎರಡು ವರ್ಷಕ್ಕೊಂದ್ಸಲ ಹಿಂಗೇ ಬಳೀತಾ ಇರಬೇಕು."

"ಬಳಿಯೋಣ," ಎಂದುಬಿಟ್ಟೆ.

ನಾಲ್ಕೂವರೆಗೆ ಗೇಟು ಮುಟ್ಟಿದೆವು. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಬೀದಿಯಲ್ಲಿ ನಿಂತು ಇಬ್ಬರೂ ನಮ್ಮ ಕೆಲಸ ನೋಡುತ್ತಿದ್ದೆವು. ಆಗ ರೇಡಿಯೊ ಕೈಯಲ್ಲಿ ಚೀಲ ಹಿಡಿದು ತಮ್ಮ ಗೇಟಿನಿಂದ ಹೊರಗೆ ಬಂದರು.

"ಅಮ್ಮಾ, ನಿಮ್ಮ ಗಾಡಿ ಒಂದು ನಾಲ್ಕಡಿ ಮುಂದಕ್ಕೆ ತಗೊಳ್ಳಿ. ಬೆಳಿಗ್ಗೆಯಿಂದ ನಮ್ಮ ಗೇಟಿಗೆ ಅಡ್ಡ ನಿಂತಿದೆ."

"ನನ್ನ ಗಾಡಿ ಶೆಡ್ಡಲ್ಲಿದೆ," ಅಂದೆ.

"ಹಾಗಾದ್ರೆ ಇದ್ಯಾರದು?"

ಕಾಂಪೌಂಡಿನ ತಿರುವು ದಾಟಿ ನೋಡಿದೆ. ನನ್ನದೇ. ಗಾಜು ಒರೆಸಿತ್ತು. ಮೂತಿ ದೊಡ್ಡ ರಸ್ತೆಯ ಕಡೆಗೆ, ಅಂದರೆ ಅಕ್ಕನ ಮನೆಯ ಕಡೆಗೆ, ತಿರುಗಿತ್ತು.

ಇವರು ಹಿಂದೆಯೇ ಬಂದು ನಿಂತಿದ್ದರು. "ಐದು ಗಂಟೆಗೇ ಆಚೆ ತಂದಿಟ್ಟೆ," ಅಂದರು. "ಟೈರಿಗೆ ಗಾಳಿ ಹಾಕಿದ್ದೀನಿ. ನೀನು ಹತ್ತಕ್ಕೆ ಹೊರಡ್ತೀನಿ ಅಂದಿದ್ದೆಯಲ್ಲ."

ತಡೆಯಲು ಮಾಡಿದ್ದಲ್ಲ. ಕಳಿಸಿಕೊಡಲು ಮಾಡಿದ್ದು. ನಾನು ಹೇಳಿ ಹೇಳಿ ಬಿಟ್ಟ ಕೆಲಸವನ್ನು, ನಾನು ಹೋಗುವ ಮುಂಚೆ ಒಂದು ಸಲ ನನ್ನ ಕಣ್ಣೆದುರಿಗೆ ಮಾಡಿ ಮುಗಿಸಲು.

"ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ನೋಡಿದ್ದೀಯ ಅಂದ್ಕೊಂಡೆ." ಕೈಗೆ ಅಂಟಿದ ಡಾಂಬರನ್ನು ಉಗುರಿನಿಂದ ಕೆರೆಯುತ್ತಿದ್ದರು. "ಹತ್ತಾದ್ರೂ ನೀನು ಹೊರಡಲಿಲ್ಲ. ಅದಕ್ಕೇ ನಾನು..."

"ನೀವು? ಏನಂದ್ಕೊಂಡ್ರಿ?"

"ಏನಿಲ್ಲ."

"ಹೇಳ್ರೀ."

ರೇಡಿಯೊ ನಮ್ಮಿಬ್ಬರ ಮುಖ ನೋಡಿ ಚೀಲ ಎತ್ತಿಕೊಂಡು ನಡೆದುಬಿಟ್ಟರು. ನಾನು ಕಾದೆ. ಎದುರುಮನೆಯ ಬಾಲ್ಕನಿಯಲ್ಲಿ ಒಬ್ಬಾಕೆ ಬಟ್ಟೆ ತೆಗೆಯುತ್ತಿದ್ದಳು. ಒಂದೊಂದು ಕ್ಲಿಪ್ಪು ಬಿಚ್ಚಿ, ಒಂದೊಂದು ಬಟ್ಟೆ ಮಡಚಿ, ಇಡೀ ತಂತಿ ಖಾಲಿಯಾಗುವ ತನಕ ಕಾದೆ. ಇವರ ತುಟಿ ಎರಡು ಸಲ ಅಲುಗಿತು.

"ಏನಿಲ್ಲ," ಅಂದರು ಮತ್ತೆ.

ಸಿಟ್ಟು ಬರಲಿ ಎಂದು ನೋಡಿದೆ. ಬರಲಿಲ್ಲ. ಇಡೀ ದಿನ ಮೈಯಲ್ಲಿ ಓಡಾಡುತ್ತಿದ್ದುದೆಲ್ಲ ಸೋರಿಹೋಗಿ, ಎಂದಿನ ಹಾಗೆ ಎಲ್ಲ ಮರಗಟ್ಟಿತು. "ಪೆಟ್ಟಿಗೆ ತರ್ತೀನಿ," ಎಂದೆ.

"ನಾನು ತರ್ತೀನಿ. ನೀನು ತುಳಿದುಗಿಳಿದೀಯ," ಎಂದರು. ಗೋಡೆ ಬದಿಯ ಮಣ್ಣಿನ ಮೇಲೆ ಕಾಲು ಜೋಡಿಸಿಕೊಂಡು ಹೋಗಿ ಎರಡೂ ಪೆಟ್ಟಿಗೆ ತಂದು, ಅಲುಗದ ಹಾಗೆ ಡಿಕ್ಕಿಯಲ್ಲಿಟ್ಟು ಮುಚ್ಚಿದರು. ನೀರಿನ ಬಾಟಲಿಯನ್ನೂ ತಂದಿದ್ದರು. ಅದನ್ನು ಪಕ್ಕದ ಸೀಟಿನ ಮೇಲಿಟ್ಟರು.

ಒಳಗೆ ಕೂತು ಬಾಗಿಲು ಎಳೆದುಕೊಂಡೆ. ಇವರು ಕಿಟಕಿಯ ಹತ್ತಿರ ನಿಂತಿದ್ದರು.

"ಬರ್ತೀನಿ," ಎಂದೆ.

ಯಾರೂ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ. ಅಂಗಡಿಗೆ ಹೊರಟರೂ ಬರ್ತೀನಿ, ಕೆಲಸಕ್ಕೆ ಹೊರಟರೂ ಬರ್ತೀನಿ. ಬಾಯಿಗೆ ಅದೇ ರೂಢಿ. ಕೇಳಿದವರು ಹೂಂ ಅಂದು ಒಳಗೆ ಹೋಗುತ್ತಾರೆ.

ಇವರು ಕಿಟಕಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಯಾವಾಗ?"

ನನ್ನ ಕೈ ಕೀಲಿಯ ಮೇಲೆ ಹಾಗೇ ನಿಂತಿತು. "ಬಾಯಿಮಾತಿಗೆ ಅಂದೆ ಅಷ್ಟೇ ರೀ."

"ಗೊತ್ತು," ಅಂದರು. "ಆದ್ರೂ ಕೇಳಿದೆ."

ನನಗೂ ಬಾಯಿ ಬರಲಿಲ್ಲ. ಅವರು ಕೈ ತೆಗೆದರು, ನಾನು ಗಾಡಿ ಹೊರಡಿಸಿದೆ. ದೊಡ್ಡ ರಸ್ತೆ ಸೇರುವ ಮುಂಚೆ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆಯಿಟ್ಟು, ದನಿ ತೆಗೆದು ಅತ್ತೆ. ಆಮೇಲೆ ಅಕ್ಕನ ಮನೆಗೆ ಹೋದೆ.